ಅಜೋರ್ಸ್ ದ್ವೀಪಗಳಲ್ಲಿ ತಿಮಿಂಗಿಲದ ಬೇಟೆ ಮತ್ತು ವೀಕ್ಷಣೆ: ಒಂದು ಚಾರಿತ್ರಿಕ ವಿವೇಚನೆ

೧

ರಜಾದಿನಗಳನ್ನು ಕಳೆಯಲೆಂದು ದ್ವೀಪವೊಂದಕ್ಕೆ ಹೋಗಿ, ದೋಣಿಯಲ್ಲಿ ಕುಳಿತು, ತಿಮಿಂಗಿಲಗಳನ್ನೂ ಡಾಲ್ಫಿನ್‌ಗಳನ್ನೂ ನೋಡಿ ಬರುವುದು ಇತಿಹಾಸದ ಅಧ್ಯಯನಕ್ಕೆ ವಿಷಯವಾಗಬಲ್ಲುದೇ ಎಂದು ಕೆಲವರು ಕೇಳಬಹುದು. ಅರಸರ ವಂಶಾವಳಿ, ಶಾಸನ, ಕಂದಾಯ, ಯುದ್ಧ ಇವುಗಳ ನಡುವೆ ಇಂತಹ ವಿನೋದಕ್ಕೆ ಸ್ಥಾನವೆಲ್ಲಿ ಎಂಬ ಸಂದೇಹ ಸಹಜವಾದುದೇ. ಆದರೆ ಮನುಷ್ಯನು ಒಂದು ಪ್ರಾಣಿಯನ್ನು ಒಂದು ಕಾಲದಲ್ಲಿ ಕೊಲ್ಲುವುದಕ್ಕಾಗಿ ಹುಡುಕಿ, ಮತ್ತೊಂದು ಕಾಲದಲ್ಲಿ ಕೇವಲ ನೋಡುವುದಕ್ಕಾಗಿ ಹುಡುಕಿದನೆಂದರೆ, ಆ ಎರಡು ಕಾಲಗಳ ನಡುವೆ ನಡೆದುದೇನೆಂಬುದು ನಿಶ್ಚಯವಾಗಿಯೂ ಇತಿಹಾಸಕಾರನ ಪ್ರಶ್ನೆಯಾಗಿದೆ. ಅಟ್ಲಾಂಟಿಕ್ ಸಾಗರದ ಅಜೋರ್ಸ್ ದ್ವೀಪಸಮೂಹದಲ್ಲಿ ಈ ಪರಿವರ್ತನೆ ಒಂದೇ ತಲೆಮಾರಿನೊಳಗೆ ನಡೆದುಹೋಯಿತು. ಅದರ ಕಾರಣಗಳನ್ನು ವಿವೇಚಿಸುವುದೇ ಪ್ರಸ್ತುತ ಲೇಖನದ ಉದ್ದೇಶ.

ಕಡಲಿನ ಮಹಾಪ್ರಾಣಿಗಳನ್ನು ದೂರದಿಂದ ನೋಡಿ ಬೆರಗಾಗುವುದು ಹೊಸ ಕಾಲದ ಅಭಿರುಚಿಯೆಂದು ಭಾವಿಸಬೇಕಾಗಿಲ್ಲ. ಕಾಳಿದಾಸನ ರಘುವಂಶದ ಹದಿಮೂರನೆಯ ಸರ್ಗದಲ್ಲಿ ಲಂಕೆಯಿಂದ ವಿಮಾನದಲ್ಲಿ ಹಿಂದಿರುಗುವ ರಾಮನು ಸೀತೆಗೆ ಕೆಳಗಿನ ಸಮುದ್ರವನ್ನು ತೋರಿಸುತ್ತಾನೆ; ತಲೆಯ ರಂಧ್ರಗಳಿಂದ ನೀರನ್ನು ಮೇಲಕ್ಕೆ ಚಿಮ್ಮಿಸುವ ತಿಮಿಗಳು ಅವನು ತೋರಿಸುವ ದೃಶ್ಯಗಳಲ್ಲಿ ಒಂದು. ಕಾವ್ಯವನ್ನು ಪ್ರಾಣಿಶಾಸ್ತ್ರದ ದಾಖಲೆಯಾಗಿ ಓದುವುದು ಸಲ್ಲದು. ಆದರೂ ಆ ಸನ್ನಿವೇಶದಲ್ಲಿ ಮೂರು ಅಂಗಗಳಿರುವುದನ್ನು ಗಮನಿಸಬೇಕು: ನೋಡುವವರಿಗೆ ದೊರೆತ ಎತ್ತರ, ಪ್ರಾಣಿಯನ್ನು ಸೂಚಿಸುವ ಚಿಲುಮೆ, ಮತ್ತು ಅರಿಯದವರಿಗೆ ತೋರಿಸಿಕೊಡುವ ಬಲ್ಲವನೊಬ್ಬ. ಅಜೋರ್ಸಿನ ಇತಿಹಾಸದಲ್ಲಿಯೂ ಈ ಮೂರೇ ಅಂಗಗಳು ಮತ್ತೆ ಮತ್ತೆ ಎದುರಾಗುತ್ತವೆ. ಮೂರನೆಯದಾದ ತೋರಿಸುವವನ ವಿಷಯವನ್ನು ನಾವು ವಿಶೇಷವಾಗಿ ವಿಚಾರಿಸಬೇಕಾಗಿದೆ. ಏಕೆಂದರೆ ಚರಿತ್ರೆಯ ಪುಟಗಳಲ್ಲಿ ಅತ್ಯಂತ ಕಡಮೆ ಸ್ಥಳ ದೊರೆತಿರುವುದು ಅವನಿಗೆ.

೨

ಅಜೋರ್ಸ್ ಎಂಬುದು ಪೋರ್ಚುಗಲ್ಲಿಗೆ ಸೇರಿದ ಒಂಬತ್ತು ದ್ವೀಪಗಳ ಸಮೂಹ. ಲಿಸ್ಬನ್ ನಗರದಿಂದ ಪಶ್ಚಿಮಕ್ಕೆ ಸುಮಾರು ೧,೫೦೦ ಕಿಲೋಮೀಟರ್ ದೂರದಲ್ಲಿ, ಸುಮಾರು ೬೦೦ ಕಿಲೋಮೀಟರ್ ಉದ್ದಕ್ಕೆ ಇವು ಹರಡಿಕೊಂಡಿವೆ. ಇವೆಲ್ಲವೂ ಅಗ್ನಿಪರ್ವತಗಳಿಂದ ಹುಟ್ಟಿದ ನೆಲ. ಪೀಕು ದ್ವೀಪದ ಪರ್ವತಶಿಖರ ೨,೩೫೧ ಮೀಟರ್ ಎತ್ತರವಾಗಿದ್ದು ಪೋರ್ಚುಗಲ್ ದೇಶದಲ್ಲಿಯೇ ಅತ್ಯುನ್ನತವಾದುದು. ನೆಲ ಹೇಗೆ ಕಡಿದಾಗಿ ಮೇಲೇರಿದೆಯೋ ಹಾಗೆಯೇ ಕಡಿದಾಗಿ ಕಡಲಿನೊಳಕ್ಕೂ ಇಳಿದಿದೆ. ಭೂಖಂಡಗಳ ಕರೆಯಲ್ಲಿರುವಂತಹ ಆಳವಿಲ್ಲದ ವಿಶಾಲ ಜಲಪ್ರದೇಶ ಇಲ್ಲಿಲ್ಲ. ದಡದಿಂದ ಕೆಲವೇ ಕಿಲೋಮೀಟರ್ ಹೋದರೆ ಸಾವಿರ ಮೀಟರ್ ಆಳದ ನೀರು ದೊರೆಯುತ್ತದೆ. ಆಳವಾದ ಕಡಲಿನಲ್ಲಿ ಮುಳುಗಿ ಕಣವೆ ಮೀನುಗಳನ್ನು ತಿಂದು ಬದುಕುವ ಸ್ಪರ್ಮ್ ತಿಮಿಂಗಿಲವು ದಡಕ್ಕೆ ಇಷ್ಟು ಸಮೀಪದಲ್ಲಿ ಕಾಣಸಿಗುವುದಕ್ಕೆ ಈ ಭೂರಚನೆಯೇ ಕಾರಣ. ಬೇಟೆಗೂ ವೀಕ್ಷಣೆಗೂ ಆಧಾರವಾದುದು ಇದೇ ಆಗಿದೆ.

ಪೋರ್ಚುಗೀಸರು ಬರುವವರೆಗೆ ಈ ದ್ವೀಪಗಳು ನಿರ್ಜನವಾಗಿದ್ದುವು. ೧೪೨೭ರ ಸುಮಾರಿನಲ್ಲಿ ಅವರು ಇವುಗಳನ್ನು ಕಂಡರು. ೧೪೩೯ರಿಂದ ಜನವಸತಿ ಆರಂಭವಾಯಿತು. ಅತ್ಯಂತ ಪಶ್ಚಿಮದ ಫ್ಲೋರೆಸ್ ಮತ್ತು ಕೋರ್ವು ದ್ವೀಪಗಳು ೧೪೫೨ರಲ್ಲಿ ಗೊತ್ತಾದುವು. ಮುಂದೆ ಭಾರತದ ಹಾದಿ ತೆರೆದ ಮೇಲೆ ಅಜೋರ್ಸಿಗೆ ಹೊಸ ಮಹತ್ವ ಬಂದಿತು. ಆಫ್ರಿಕಾದ ದಕ್ಷಿಣ ತುದಿಯನ್ನು ಸುತ್ತಿ ಹಿಂದಿರುಗುವ ಹಾಯಿಹಡಗುಗಳು ಅನುಕೂಲವಾದ ಗಾಳಿಯನ್ನು ಅನುಸರಿಸಿ ಮೊದಲು ಈ ದ್ವೀಪಗಳನ್ನು ಮುಟ್ಟಿ, ಅನಂತರ ಲಿಸ್ಬನ್ನಿಗೆ ಹೋಗುತ್ತಿದ್ದುವು. ವಾಸ್ಕೋ ಡ ಗಾಮನ ಅಣ್ಣ ಪಾವ್ಲೊ ಡ ಗಾಮನು ೧೪೯೯ರಲ್ಲಿ ಭಾರತದಿಂದ ಮರಳುವಾಗ ತೀರಿಕೊಂಡುದು ಇಲ್ಲಿಯ ಟೆರ್ಸೆಯ್ರಾ ದ್ವೀಪದಲ್ಲಿ. ೧೫೬೮-೬೯ರಲ್ಲಿ ಪೋರ್ಚುಗೀಸರು ಮಂಗಳೂರು, ಹೊನ್ನಾವರ, ಬಸರೂರುಗಳಲ್ಲಿ ಕೋಟೆಗಳನ್ನು ಹಿಡಿದು ನೆಲೆಯೂರಿದ ತರುವಾಯ ನಮ್ಮ ಕರಾವಳಿಯ ಮೆಣಸು ಸಹ ಇದೇ ಜಲಮಾರ್ಗವಾಗಿ ಯುರೋಪನ್ನು ಸೇರುತ್ತಿದ್ದಿತು.

ಈ ಸಂದರ್ಭದಲ್ಲಿ ಡಚ್ ಪ್ರವಾಸಿ ಯಾನ್ ಹ್ಯೂಘೆನ್ ಫಾನ್ ಲಿನ್ಸ್‌ಕೋಟೆನನನ್ನು ನೆನೆಯುವುದು ಅವಶ್ಯ. ಗೋವೆಯ ಆರ್ಚ್‌ಬಿಷಪ್ಪರ ಬಳಿ ಕಾರ್ಯದರ್ಶಿಯಾಗಿದ್ದ ಈತ ೧೫೮೯ರಲ್ಲಿ ಸ್ವದೇಶಕ್ಕೆ ಹೊರಟು, ದಾರಿಯಲ್ಲಿ ಟೆರ್ಸೆಯ್ರಾ ದ್ವೀಪದಲ್ಲಿ ಸುಮಾರು ಎರಡು ವರ್ಷ ನಿಲ್ಲಬೇಕಾಯಿತು. ೧೫೯೬ರಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಪ್ರಕಟವಾದ ಆತನ ಪ್ರವಾಸಗ್ರಂಥವನ್ನು ಪಶ್ಚಿಮ ಕರಾವಳಿಯ ವಿಷಯಕ್ಕಾಗಿ ನಮ್ಮ ವಿದ್ವಾಂಸರು ಬಳಸುವುದುಂಟು. ಅಜೋರ್ಸಿನ ವರ್ಣನೆಯೂ ಅದೇ ಗ್ರಂಥದಲ್ಲಿದೆ. ಅಂಗ್ರ ಬಂದರಿನ ಪಕ್ಕದ ಬ್ರೆಸಿಲ್ ಎಂಬ ಗುಡ್ಡದ ಮೇಲೆ ಎರಡು ಕಲ್ಲಿನ ಕಂಬಗಳಿದ್ದುವೆಂದೂ, ಅಲ್ಲಿ ಕಾವಲಿರುವವನು ಕಡಲಿನಲ್ಲಿ ಹಡಗು ಕಂಡೊಡನೆ, ಅದು ಬರುವ ದಿಕ್ಕಿಗೆ ತಕ್ಕ ಕಂಬದಲ್ಲಿ ಧ್ವಜವನ್ನೇರಿಸಿ ಊರಿನವರಿಗೆ ತಿಳಿಸುತ್ತಿದ್ದನೆಂದೂ ಆತ ಬರೆದಿದ್ದಾನೆ. ಎತ್ತರದಲ್ಲಿ ಕುಳಿತು ಕಡಲನ್ನು ಕಾಯುವ ಪದ್ಧತಿ ಈ ದ್ವೀಪಗಳಲ್ಲಿ ತಿಮಿಂಗಿಲದ ಬೇಟೆಗಿಂತ ಬಹಳ ಹಿಂದಿನದೆಂಬುದು ಇದರಿಂದ ವಿದಿತವಾಗುತ್ತದೆ. ಹಡಗು ಕಾಯುವ ಪದ್ಧತಿಯಿಂದಲೇ ತಿಮಿಂಗಿಲ ಕಾಯುವ ಪದ್ಧತಿ ಹುಟ್ಟಿತೆಂದು ಹೇಳಲು ಮಾತ್ರ ಈ ಸಾದೃಶ್ಯವೊಂದೇ ಸಾಲದು. ಒಂದೇ ಬಗೆಯ ನೆಲ ಒಂದೇ ಬಗೆಯ ಉಪಾಯವನ್ನು ಎರಡು ಬಾರಿ ಕಲಿಸಿರಲೂ ಬಹುದು.

೩

ಅಜೋರ್ಸಿನವರಿಗೆ ತಿಮಿಂಗಿಲದ ಬೇಟೆಯನ್ನು ಕಲಿಸಿದವರು ಅಮೆರಿಕನ್ನರು. ಹದಿನೆಂಟನೆಯ ಶತಮಾನದ ಉತ್ತರಾರ್ಧದಿಂದ ನಾಂಟುಕೆಟ್, ನ್ಯೂ ಬೆಡ್‌ಫರ್ಡ್ ಮೊದಲಾದ ಬಂದರುಗಳ ಬೇಟೆಯ ಹಡಗುಗಳು ಈ ದ್ವೀಪಗಳ ಸುತ್ತಣ ಜಲಕ್ಕೆ ಬರತೊಡಗಿದುವು. ಮೂರು ನಾಲ್ಕು ವರ್ಷಗಳ ಯಾನಕ್ಕೆ ಹೊರಟ ಈ ಹಡಗುಗಳು ಫಯಾಲ್ ದ್ವೀಪದ ಓರ್ಟಾ ಬಂದರಿನಲ್ಲಿ ನಿಂತು ನೀರು, ತರಕಾರಿ, ಮಾಂಸಗಳನ್ನು ತುಂಬಿಕೊಳ್ಳುತ್ತಿದ್ದುವು. ಕೊರತೆ ಬಿದ್ದ ಕೆಲಸಗಾರರನ್ನೂ ಅಲ್ಲಿಯೇ ಸೇರಿಸಿಕೊಳ್ಳುತ್ತಿದ್ದುವು. ೧೮೦೬ರಿಂದ ೧೮೯೨ರವರೆಗೆ ಓರ್ಟಾದಲ್ಲಿ ಅಮೆರಿಕದ ಕಾನ್ಸಲ್ ಪದವಿ ಬಹುಮಟ್ಟಿಗೆ ಡಾಬ್ನಿ ಎಂಬ ಒಂದೇ ಮನೆತನದಲ್ಲಿ ಮೂರು ತಲೆಮಾರು ಉಳಿದು ಬಂದುದು ಈ ವ್ಯಾಪಾರದ ಮಹತ್ವಕ್ಕೆ ಸಾಕ್ಷಿಯಾಗಿದೆ.

ಹಡಗು ಸೇರಿದ ದ್ವೀಪದ ತರುಣರಿಗೆ ಎರಡು ಪ್ರಬಲ ಕಾರಣಗಳಿದ್ದುವು. ಒಂದು ಬಡತನ: ಜಮೀನು ಕೆಲವರ ಕೈಯಲ್ಲಿದ್ದಿತು, ಕರಿಗಲ್ಲಿನ ನೆಲದಲ್ಲಿ ಬೆಳೆ ಕಷ್ಟಸಾಧ್ಯವಾಗಿದ್ದಿತು. ಎರಡನೆಯದು ಕಡ್ಡಾಯ ಸೈನ್ಯಸೇವೆಯಿಂದ ತಪ್ಪಿಸಿಕೊಳ್ಳಬೇಕೆಂಬ ಬಯಕೆ. ಹೀಗೆ ಹೋದವರಲ್ಲಿ ಅನೇಕರು ನ್ಯೂ ಬೆಡ್‌ಫರ್ಡಿನಲ್ಲಿಯೂ ಕ್ಯಾಲಿಫೋರ್ನಿಯದಲ್ಲಿಯೂ ಹವಾಯಿಯಲ್ಲಿಯೂ ನೆಲಸಿದರು. ಹರ್ಮನ್ ಮೆಲ್‌ವಿಲ್ ತನ್ನ ೧೮೫೧ರ ಮೋಬಿ ಡಿಕ್ ಕಾದಂಬರಿಯಲ್ಲಿ ಬೇಟೆಯ ಹಡಗುಗಳಿಗೆ ಅಜೋರ್ಸಿನಿಂದ ದೊರೆಯುತ್ತಿದ್ದ ಜನರನ್ನು ಪ್ರಸ್ತಾಪಿಸಿರುವುದು ಪ್ರಸಿದ್ಧವಾಗಿದೆ. ಮತ್ತೆ ಕೆಲವರು ಕಸುಬನ್ನು ಕಲಿತು ಊರಿಗೆ ಮರಳಿದರು. ತಾವು ಅಮೆರಿಕದ ಹಡಗುಗಳಿಂದ ಇಳಿದು ಹತ್ತುತ್ತಿದ್ದ ಉದ್ದನೆಯ ಹಗುರ ದೋಣಿಯನ್ನು ದಡದಿಂದಲೇ ಏಕೆ ತಳ್ಳಬಾರದೆಂದು ಅವರಿಗೆ ಹೊಳೆದುದು ಸಹಜವೇ. ಹತ್ತೊಂಬತ್ತನೆಯ ಶತಮಾನದ ನಡುಗಾಲದಲ್ಲಿ ದಡದ ಬೇಟೆ ಫಯಾಲಿನಲ್ಲಿ ನೆಲೆಗೊಂಡಿತು. ಅಲ್ಲಿಂದ ಪೀಕು ಮತ್ತು ಇತರ ದ್ವೀಪಗಳಿಗೆ ಹಬ್ಬಿತು.

ಕಾಲದೃಷ್ಟಿಯಿಂದ ನೋಡಿದರೆ ಇಲ್ಲಿ ಒಂದು ವೈಚಿತ್ರ್ಯವಿದೆ. ಅಜೋರ್ಸಿನಲ್ಲಿ ಈ ಉದ್ಯಮ ಬೇರೂರುತ್ತಿದ್ದ ಕಾಲದಲ್ಲಿಯೇ ಅಮೆರಿಕದಲ್ಲಿ ಅದು ಕುಸಿಯತೊಡಗಿದ್ದಿತು. ೧೮೫೯ರಲ್ಲಿ ಪೆನ್ಸಿಲ್ವೇನಿಯದಲ್ಲಿ ಕಲ್ಲೆಣ್ಣೆಯ ಬಾವಿ ಕೊರೆದ ಮೇಲೆ ದೀಪಕ್ಕೆ ತಿಮಿಂಗಿಲದ ಎಣ್ಣೆ ಬೇಕಾಗಲಿಲ್ಲ. ೧೮೬೧-೬೫ರ ಅಂತರ್ಯುದ್ಧದಲ್ಲಿ ಅನೇಕ ಹಡಗುಗಳು ನಾಶವಾದುವು. ೧೮೭೧ರಲ್ಲಿ ಆರ್ಕ್‌ಟಿಕ್ ಮಂಜಿನಲ್ಲಿ ಸಿಕ್ಕಿ ೩೩ ಹಡಗುಗಳು ಹೋದುವು. ನ್ಯೂ ಬೆಡ್‌ಫರ್ಡಿನಿಂದ ಹೊರಟ ಕೊನೆಯ ಹಾಯಿಯ ಬೇಟೆಹಡಗುಗಳಲ್ಲಿ ಒಂದಾದ ‘ವಾಂಡರರ್’ ೧೯೨೪ರಲ್ಲಿ ದಡಕ್ಕೆ ಬಡಿದು ಒಡೆಯಿತು. ಅಜೋರ್ಸಿನ ಕೈಹಾರ್ಪೂನಿನ ಬೇಟೆ ಅದಾದ ಮೇಲೆಯೂ ಆರು ದಶಕಗಳ ಕಾಲ ನಡೆಯಿತು. ಗುರುವು ಮರೆತ ವಿದ್ಯೆಯನ್ನು ಶಿಷ್ಯನು ಉಳಿಸಿಕೊಂಡಂತೆ ಇದಾಯಿತು.

೪

ಈ ಬೇಟೆಯ ಕ್ರಮವನ್ನು ತಿಳಿಯಲು ನಮಗೆ ದೊರೆತಿರುವ ಅತ್ಯುತ್ತಮ ಆಧಾರ ಬ್ರಿಟಿಷ್ ಪ್ರಾಣಿಶಾಸ್ತ್ರಜ್ಞ ರಾಬರ್ಟ್ ಕ್ಲಾರ್ಕರದು. ಅವರು ೧೯೪೯ರಲ್ಲಿ ದ್ವೀಪಗಳಿಗೆ ಹೋಗಿ ಕಣ್ಣಾರೆ ಕಂಡುದನ್ನು ೧೯೫೪ರಲ್ಲಿ ಪ್ರಕಟಿಸಿದರು. ಅದರ ಶೀರ್ಷಿಕೆಯಲ್ಲಿಯೇ ಅವರು ಇದನ್ನು ಗತಕಾಲದ ಅವಶೇಷವಾಗಿ ಉಳಿದ ಉದ್ಯಮವೆಂದು ಕರೆದಿದ್ದಾರೆ. ಬೇರೆಡೆಗಳಲ್ಲಿ ಉಗಿಹಡಗು ಮತ್ತು ಫಿರಂಗಿಯಿಂದ ಹಾರಿಸುವ ಹಾರ್ಪೂನು ಬಂದು ಎಷ್ಟೋ ಕಾಲವಾಗಿದ್ದರೂ ಇಲ್ಲಿಯವರು ಹಾಯಿ, ಹುಟ್ಟು, ಕೈಯಿಂದ ಎಸೆಯುವ ಹಾರ್ಪೂನು, ಕೈಯಿಂದ ತಿವಿಯುವ ಭರ್ಜಿ ಇವುಗಳನ್ನೇ ಬಳಸುತ್ತಿದ್ದರು.

ಬೇಟೆ ಆರಂಭವಾಗುತ್ತಿದ್ದುದು ಕಡಲಿನಲ್ಲಿ ಅಲ್ಲ, ಗುಡ್ಡದ ಮೇಲೆ. ಕಡಲಿಗೆ ಮುಖಮಾಡಿದ ಎತ್ತರದ ಸ್ಥಳಗಳಲ್ಲಿ ಚಿಕ್ಕ ಕಾವಲುಗುಡಿಸಲುಗಳಿದ್ದುವು; ಗೋಡೆಯಲ್ಲಿ ಅಡ್ಡಲಾಗಿ ಬಿಟ್ಟ ಸೀಳುಗಂಡಿಯಿಂದ ಕಾವಲುಗಾರನು ದುರ್ಬೀನು ಹಿಡಿದು ಬೆಳಗಿನಿಂದ ನೋಡುತ್ತಿದ್ದನು. ಪೋರ್ಚುಗೀಸರಲ್ಲಿ ಆ ಗುಡಿಸಲಿಗೂ ಅದರಲ್ಲಿ ಕುಳಿತವನಿಗೂ ‘ವಿಜಿಯಾ’ ಎಂದೇ ಹೆಸರು. ಸ್ಪರ್ಮ್ ತಿಮಿಂಗಿಲದ ಮೂಗಿನ ರಂಧ್ರ ತಲೆಯ ತುದಿಯಲ್ಲಿ ಎಡಬದಿಗಿರುವುದರಿಂದ ಅದರ ಉಸಿರಿನ ಚಿಲುಮೆ ನೇರವಾಗಿ ಮೇಲೇಳದೆ ಮುಂದಕ್ಕೂ ಎಡಕ್ಕೂ ಓರೆಯಾಗಿ ಹೊಮ್ಮುತ್ತದೆ. ಹಲವು ಕಿಲೋಮೀಟರ್ ದೂರದಿಂದ ಅಲೆಯ ನೊರೆಗೂ ಈ ಚಿಲುಮೆಗೂ ವ್ಯತ್ಯಾಸವನ್ನು ಅರಿಯುವುದು, ಒಮ್ಮೆ ಮುಳುಗಿದ ಪ್ರಾಣಿ ಮುಕ್ಕಾಲು ಗಂಟೆಯ ನಂತರ ಎಲ್ಲಿ ಮೇಲೇಳುವುದೆಂದು ಊಹಿಸುವುದು, ಗುಂಪಿನಲ್ಲಿ ಎಷ್ಟಿವೆ, ಯಾವ ಕಡೆಗೆ ಹೋಗುತ್ತಿವೆ ಎಂದು ಹೇಳುವುದು, ಇದು ಅವನ ವಿದ್ಯೆ. ಈ ವಿದ್ಯೆ ಬರಹಕ್ಕೆ ಇಳಿಯದೆ ಹಿರಿಯರಿಂದ ಕಿರಿಯರಿಗೆ ಬಂದುದು.

ತಿಮಿಂಗಿಲ ಕಂಡೊಡನೆ ಕಾವಲುಗಾರನು ಬಾಣಬಿರುಸನ್ನು ಹಾರಿಸುತ್ತಿದ್ದನು. ಆ ಸದ್ದು ಕೇಳಿದ ಕೂಡಲೇ ಹೊಲದಲ್ಲಿದ್ದವನು ಗುದ್ದಲಿಯನ್ನೂ ಬಡಗಿಯು ಉಳಿಯನ್ನೂ ಬಿಟ್ಟು ದಡಕ್ಕೆ ಓಡುತ್ತಿದ್ದರು. ಏಕೆಂದರೆ ದೋಣಿಯವರೆಲ್ಲ ಬೇರೆ ಕಸುಬಿನ ಹಳ್ಳಿಗರೇ ಆಗಿದ್ದರು. ಒಂದೊಂದು ದೋಣಿಗೆ ಏಳು ಜನ: ಚುಕ್ಕಾಣಿ ಹಿಡಿದು ಭರ್ಜಿಯನ್ನೂ ಹಾಕುವ ಯಜಮಾನ, ಮುಂದುಗಡೆ ನಿಂತು ಹಾರ್ಪೂನು ಎಸೆಯುವವನು, ಉಳಿದವರು ಹುಟ್ಟುಹಾಕುವವರು. ೧೯೦೯ರಿಂದ ದೋಣಿಗಳನ್ನು ಎಳೆದೊಯ್ಯಲು ಮೋಟಾರು ದೋಣಿಗಳು ಬಂದುವು. ಆದರೂ ಪ್ರಾಣಿಗೆ ಸದ್ದು ಕೇಳಿಸಬಾರದೆಂದು ಕೊನೆಯ ದೂರವನ್ನು ಹಾಯಿಯಿಂದಲೋ ಹುಟ್ಟಿನಿಂದಲೋ ಕ್ರಮಿಸುತ್ತಿದ್ದರು. ಸಂಪಾದನೆ ಕೂಲಿಯ ರೂಪದಲ್ಲಿರದೆ ಎಣ್ಣೆಯ ಬೆಲೆಯಲ್ಲಿ ಪಾಲಾಗಿ ಬರುತ್ತಿದ್ದಿತು. ದೋಣಿ ಮಗುಚುವುದು, ಹಗ್ಗಕ್ಕೆ ಸಿಕ್ಕಿ ಕಡಲಿಗೆ ಬೀಳುವುದು ಅಪರೂಪವಾಗಿರಲಿಲ್ಲ.

ಡಾಲ್ಫಿನ್‌ಗಳಾಗಲಿ, ನೀಲಿ ತಿಮಿಂಗಿಲ ಮತ್ತು ಫಿನ್ ತಿಮಿಂಗಿಲಗಳಾಗಲಿ ಈ ಬೇಟೆಯ ಗುರಿಯಾಗಿರಲಿಲ್ಲವೆಂಬುದನ್ನು ಮರೆಯಬಾರದು. ದೊಡ್ಡ ತಿಮಿಂಗಿಲಗಳಲ್ಲಿ ಈ ಎರಡು ಜಾತಿಗಳ ವೇಗಕ್ಕೆ ಹುಟ್ಟಿನ ದೋಣಿ ಸಾಟಿಯಲ್ಲ. ಕೊಂದರೂ ಅವು ಮುಳುಗಿಹೋಗುತ್ತಿದ್ದುವು. ಆದುದರಿಂದ ಕಾವಲುಗಾರನ ಕಣ್ಣು ಒಂದೇ ಜಾತಿಯನ್ನು ಹುಡುಕುತ್ತಿದ್ದಿತು. ಈ ಸಂಗತಿ ಮುಂದಿನ ವಾದಕ್ಕೆ ಅವಶ್ಯವಾಗಿದೆ.

೫

ಇಂತಹ ಉದ್ಯಮ ಹೇಗೆ ನಿಂತುಹೋಯಿತು? ಪ್ರವಾಸಿಗರಿಗಾಗಿ ಹೇಳುವ ವೃತ್ತಾಂತ ಸರಳವಾಗಿದೆ: ಕೊಲ್ಲುವುದು ಪಾಪವೆಂದು ಬೇಟೆಗಾರರಿಗೆ ಅರಿವಾಯಿತು, ಅವರು ಹಾರ್ಪೂನನ್ನು ಕೆಳಗಿಟ್ಟು ರಕ್ಷಕರಾದರು ಎಂಬುದು. ಕೇಳಲು ಹಿತವಾದ ಈ ಕಥೆಯನ್ನು ಆಧಾರಗಳು ಸಮರ್ಥಿಸುತ್ತವೆಯೇ ಎಂದು ಪರಿಶೀಲಿಸೋಣ.

ಮೊದಲನೆಯದು ಜನಬಲದ ಕ್ಷಯ. ೧೯೫೭ನೆಯ ಇಸವಿ ಸೆಪ್ಟೆಂಬರ್ ೨೭ರಂದು ಫಯಾಲ್ ದ್ವೀಪದ ಪಶ್ಚಿಮ ತುದಿಯಲ್ಲಿರುವ ಕಪೆಲಿನ್ಯೂಶ್ ಎಂಬಲ್ಲಿ ಕಡಲಿನೊಳಗಿಂದ ಅಗ್ನಿಪರ್ವತ ಸಿಡಿಯಿತು. ನೀರು ಕುದಿಯುವಂತೆ ಕದಡುತ್ತಿರುವುದನ್ನು ಮೊದಲು ಗಮನಿಸಿದವರು ತಿಮಿಂಗಿಲಗಳ ಕಾವಲಿನಲ್ಲಿದ್ದವರೇ. ಹದಿಮೂರು ತಿಂಗಳು, ೧೯೫೮ರ ಅಕ್ಟೋಬರಿನವರೆಗೆ, ನಡೆದ ಈ ಉತ್ಪಾತದಲ್ಲಿ ಹೊಲಮನೆಗಳು ಬೂದಿಯಲ್ಲಿ ಹೂತುಹೋದುವು. ಅಮೆರಿಕದ ಸೆನೆಟರುಗಳಾದ ಜಾನ್ ಪಾಸ್ಟೋರ್ ಮತ್ತು ಜಾನ್ ಎಫ್. ಕೆನೆಡಿ ಮುಂದಾಗಿ ೧೯೫೮ರಲ್ಲಿ ತಂದ ಅಜೋರ್ಸ್ ನಿರಾಶ್ರಿತರ ಕಾಯಿದೆಯಂತೆ ೧,೫೦೦ ವೀಸಾಗಳು ಮಂಜೂರಾದುವು. ಒಮ್ಮೆ ತೆರೆದ ಬಾಗಿಲು ಮತ್ತೆ ಮುಚ್ಚಲಿಲ್ಲ. ೧೯೬೦ರ ಜನಗಣತಿಯಲ್ಲಿ ಸುಮಾರು ೩ ಲಕ್ಷ ೨೭ ಸಾವಿರವಿದ್ದ ದ್ವೀಪಸಮೂಹದ ಜನಸಂಖ್ಯೆ ೧೯೮೧ರ ವೇಳೆಗೆ ಸುಮಾರು ೨ ಲಕ್ಷ ೪೩ ಸಾವಿರಕ್ಕೆ ಇಳಿಯಿತು. ದುಡಿಯುವ ವಯಸ್ಸಿನವರೇ ಹೊರಟುಹೋಗುವಾಗ ಬಾಣಬಿರುಸಿನ ಸದ್ದಿಗೆ ಓಡಿಬಂದು ದೋಣಿಗೆ ಏಳು ಜನರಾಗುವುದು ದುರ್ಲಭವಾಗತೊಡಗಿದುದರಲ್ಲಿ ಆಶ್ಚರ್ಯವಿಲ್ಲ.

ಎರಡನೆಯದು ಮಾರುಕಟ್ಟೆಯ ನಾಶ. ಸ್ಪರ್ಮ್ ತಿಮಿಂಗಿಲದ ಎಣ್ಣೆ ದೀಪಕ್ಕೆ ಬೇಡವಾದ ಮೇಲೂ ಯಂತ್ರಗಳ ಸೂಕ್ಷ್ಮ ಭಾಗಗಳಿಗೆ ಸವರುವ ಎಣ್ಣೆಯಾಗಿ ಬೆಲೆಬಾಳುತ್ತಿದ್ದಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬೇಡಿಕೆ ಏರಿದುದರಿಂದ ಉದ್ಯಮಕ್ಕೆ ಹೊಸ ಜೀವ ಬಂದಿತು. ಪೀಕು ದ್ವೀಪದ ಸಾವ್ ರೋಕ್ ಊರಿನಲ್ಲಿ ಆ ದಶಕದಲ್ಲಿ ಎದ್ದ ಕಾರ್ಖಾನೆಯು ಎಣ್ಣೆಯಲ್ಲದೆ ಹಿಟ್ಟು, ಗೊಬ್ಬರಗಳನ್ನೂ ತಯಾರಿಸುತ್ತಿದ್ದಿತು. ಆದರೆ ೧೯೭೦ರಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನವು ಈ ಜಾತಿಯನ್ನು ಅಳಿವಿನಂಚಿನ ಪ್ರಾಣಿಗಳ ಪಟ್ಟಿಗೆ ಸೇರಿಸಿ ಆಮದನ್ನು ತಡೆಯಿತು. ೧೯೮೧ರಲ್ಲಿ ಯುರೋಪಿನ ಆರ್ಥಿಕ ಸಮುದಾಯವು ಮಾಡಿದ ನಿಬಂಧನೆಯಂತೆ ೧೯೮೨ರಿಂದ ಅಲ್ಲಿಯೂ ತಿಮಿಂಗಿಲದ ಪದಾರ್ಥಗಳ ವಾಣಿಜ್ಯ ಆಮದು ನಿಂತಿತು. ಆ ಸಮುದಾಯವನ್ನು ಸೇರಲು ಪೋರ್ಚುಗಲ್ ಆಗ ಮಾತುಕತೆ ನಡೆಸುತ್ತಿದ್ದಿತು. ೧೯೮೬ರ ಜನವರಿ ಒಂದರಂದು ಸೇರಿತು. ಅಂತರರಾಷ್ಟ್ರೀಯ ತಿಮಿಂಗಿಲ ಆಯೋಗವು ವಾಣಿಜ್ಯ ಬೇಟೆಯನ್ನು ನಿಲ್ಲಿಸಬೇಕೆಂದು ೧೯೮೨ರಲ್ಲಿ ಕೈಗೊಂಡ ನಿರ್ಣಯವೂ ೧೯೮೬ರಿಂದಲೇ ಜಾರಿಗೆ ಬಂದಿತು. ಓರ್ಟಾ ಬಳಿಯ ಪೋರ್ಟು ಪಿಂ ಕಾರ್ಖಾನೆ ಎಪ್ಪತ್ತರ ದಶಕದಲ್ಲಿಯೇ ಮುಚ್ಚಿದ್ದಿತು. ೧೯೮೪ರಲ್ಲಿ ಸಾವ್ ರೋಕ್ ಕಾರ್ಖಾನೆಯೂ ಮುಚ್ಚಿತು.

ಮೂರನೆಯದಾಗಿ, ೧೯೮೭ರ ಘಟನೆ. ಉದ್ಯಮ ವಸ್ತುತಃ ನಿಂತು ಮೂರು ವರ್ಷಗಳಾದ ಮೇಲೆ ಪೀಕುವಿನ ದೋಣಿಗಳು ಮತ್ತೆ ಕಡಲಿಗಿಳಿದು ತಿಮಿಂಗಿಲವನ್ನು ಕೊಂದುವು. ಅಜೋರ್ಸಿನ ಕೊನೆಯ ಬೇಟೆ ಅದೇ. ಎಣ್ಣೆಯನ್ನು ಕೊಳ್ಳುವವರಿಲ್ಲದ ಕಾಲದಲ್ಲಿ ಹೀಗೆ ಮಾಡಿದುದು ಪಶ್ಚಾತ್ತಾಪದ ಲಕ್ಷಣವಲ್ಲ. ತಮ್ಮ ಕಸುಬನ್ನು ತಮ್ಮನ್ನು ಕೇಳದೆಯೇ ಮುಗಿಸಲಾಯಿತೆಂದು ನೊಂದವರು ಅಲ್ಲಿದ್ದರೆಂದು ಈ ಒಂದು ಸಂಗತಿಯಿಂದ ಊಹಿಸುವುದು ತಪ್ಪಾಗಲಾರದು.

ಈ ಮೂರನ್ನೂ ಒಟ್ಟಿಗೆ ತೂಗಿ ನೋಡಿದರೆ ಬೇಟೆ ನಿಂತುದು ಹೃದಯ ಪರಿವರ್ತನೆಯಿಂದಲ್ಲ, ವಲಸೆ, ಮಾರುಕಟ್ಟೆ ಮತ್ತು ಹೊರನಾಡಿನ ಕಾನೂನುಗಳಿಂದ ಎಂಬ ನಿರ್ಣಯಕ್ಕೆ ಬರಬೇಕಾಗುತ್ತದೆ. ಹೀಗೆನ್ನುವುದರಿಂದ ಆ ಜನರನ್ನು ಹೀನೈಸಿದಂತಾಗುವುದಿಲ್ಲ. ಅವರನ್ನು ಪಾಪಿಗಳೆಂದು ಮೊದಲು ಕರೆದು ಅನಂತರ ಪುನೀತರೆಂದು ಹೊಗಳುವ ಕಥೆಯೇ ಅವರಿಗೆ ಹೆಚ್ಚು ಅನ್ಯಾಯ ಮಾಡುತ್ತದೆ. ಸ್ಪರ್ಮ್ ತಿಮಿಂಗಿಲವು ಜಗತ್ತಿನಾದ್ಯಂತ ಕ್ಷೀಣಿಸಿದುದು ಬಹುಮಟ್ಟಿಗೆ ದೊಡ್ಡ ರಾಷ್ಟ್ರಗಳ ಯಂತ್ರಸಜ್ಜಿತ ಹಡಗುಗಳಿಂದ. ಹುಟ್ಟುಹಾಕಿ ಹೋಗುತ್ತಿದ್ದ ಹಳ್ಳಿಗರ ಪಾಲು ಅದರಲ್ಲಿ ಅಲ್ಪವಾದುದು.

೬

ಇನ್ನು ವೀಕ್ಷಣೆಯ ಉದಯವನ್ನು ನೋಡೋಣ. ಹಣ ತೆಗೆದುಕೊಂಡು ತಿಮಿಂಗಿಲಗಳನ್ನು ತೋರಿಸುವ ವ್ಯವಹಾರ ಮೊದಲಾದುದು ಅಜೋರ್ಸಿನಲ್ಲಲ್ಲ. ಕ್ಯಾಲಿಫೋರ್ನಿಯದ ಸ್ಯಾನ್ ಡಿಯಾಗೊ ಬಂದರಿನಲ್ಲಿ ೧೯೫೫ರಲ್ಲಿ ಒಂದು ಡಾಲರಿಗೆ ಬೂದು ತಿಮಿಂಗಿಲಗಳನ್ನು ತೋರಿಸುವ ದೋಣಿ ಹೊರಟಿತು. ಕ್ಲಾರ್ಕರ ವರದಿ ಪ್ರಕಟವಾಗಿ ಆಗ ಒಂದು ವರ್ಷವಾಗಿದ್ದಿತು. ಅಂದರೆ ಬೇಟೆಯ ಅತಿ ಹಳೆಯ ರೂಪವೂ ವೀಕ್ಷಣೆಯ ಅತಿ ಹೊಸ ರೂಪವೂ ಒಂದೇ ಕಾಲದಲ್ಲಿ ಎರಡು ಕಡಲುಗಳಲ್ಲಿ ನಡೆಯುತ್ತಿದ್ದುವು.

ಪೀಕು ದ್ವೀಪದ ಲಾಜೆಸ್ ಊರಿನಲ್ಲಿ ಎಂಬತ್ತರ ದಶಕದ ಕೊನೆಯಲ್ಲಿ ಫ್ರಾನ್ಸಿನಿಂದ ಬಂದು ನೆಲಸಿದ ನಾವಿಕನೊಬ್ಬನ ಪ್ರಯತ್ನದಿಂದ ಈ ಕೆಲಸ ಆರಂಭವಾಯಿತು. ಕಡಲಿನಲ್ಲಿ ಸುಮ್ಮನೆ ಅಲೆದರೆ ತಿಮಿಂಗಿಲ ಸಿಗದು. ಅದು ಮೇಲಿರುವುದು ಕೆಲವೇ ನಿಮಿಷ, ಮುಳುಗಿರುವುದು ಮುಕ್ಕಾಲು ಗಂಟೆ. ಆದುದರಿಂದ ಪಾಳುಬಿದ್ದ ಕಾವಲುಗುಡಿಸಲಿಗೆ ಹಳೆಯ ಕಾವಲುಗಾರರನ್ನೇ ಕರೆತರಬೇಕಾಯಿತು. ಲಾಜೆಸ್ ಸಮೀಪದ ಕೆಯ್‌ಮಾಡದ ಗುಡಿಸಲು ಹೀಗೆ ಮರಳಿ ಕೆಲಸಕ್ಕೆ ಬಂದುದು. ಬಾಣಬಿರುಸಿನ ಬದಲು ರೇಡಿಯೋ ಬಂದಿತು. ಹುಟ್ಟಿನ ದೋಣಿಯ ಬದಲು ಮೋಟಾರಿನ ದೋಣಿ ಬಂದಿತು. ನೋಡುವ ಕ್ರಮ ಮಾತ್ರ ಹಿಂದಿನದೇ ಉಳಿಯಿತು. ಇಂದಿಗೂ ಅಲ್ಲಿ ಗುಡ್ಡದ ಮೇಲಿನ ಕಾವಲುಗಾರನ ಮಾತಿನಂತೆಯೇ ದೋಣಿಗಳು ದಿಕ್ಕನ್ನು ಹಿಡಿಯುತ್ತವೆ.

ದ್ವೀಪಸಮೂಹದ ಸುತ್ತ ಇಪ್ಪತ್ತೈದಕ್ಕೂ ಹೆಚ್ಚು ಜಾತಿಯ ತಿಮಿಂಗಿಲ ಮತ್ತು ಡಾಲ್ಫಿನ್‌ಗಳು ದಾಖಲಾಗಿವೆ. ಸ್ಪರ್ಮ್ ತಿಮಿಂಗಿಲಗಳು ವರ್ಷದ ಎಲ್ಲ ಕಾಲದಲ್ಲಿಯೂ ಕಾಣಬಹುದು. ವಸಂತದಲ್ಲಿ ಕಡಲಿನ ಸೂಕ್ಷ್ಮ ಸಸ್ಯಗಳು ಹೆಚ್ಚಿ, ಅವುಗಳನ್ನು ತಿನ್ನುವ ಸಣ್ಣ ಜೀವಿಗಳೂ ಬೆಳೆದಾಗ ನೀಲಿ ತಿಮಿಂಗಿಲಗಳೂ ಫಿನ್ ತಿಮಿಂಗಿಲಗಳೂ ಉತ್ತರದ ಯಾತ್ರೆಯಲ್ಲಿ ಈ ಮಾರ್ಗವಾಗಿ ಹಾದುಹೋಗುತ್ತವೆ. ಬೇಸಗೆಯಲ್ಲಿ ಚುಕ್ಕೆಯ ಡಾಲ್ಫಿನ್‌ಗಳು ಗುಂಪುಗುಂಪಾಗಿ ಬರುತ್ತವೆ. ಬೇಟೆಯ ಕಾಲದ ಕಾವಲುಗಾರನಿಗೆ ಲಕ್ಷ್ಯವೇ ಅಲ್ಲದಿದ್ದ ಇವುಗಳನ್ನು ಹೊಸ ಕಾಲದ ಕಾವಲುಗಾರನು ಗುರುತಿಸಲು ಕಲಿಯಬೇಕಾಯಿತು. ಆದುದರಿಂದ ಹಳೆಯ ವಿದ್ಯೆ ಹಾಗೆಯೇ ಉಳಿಯಿತೆಂದರೆ ಅದು ಅರ್ಧಸತ್ಯ. ಅದು ಉಳಿಯಿತು, ಜೊತೆಗೆ ವಿಸ್ತಾರವನ್ನೂ ಹೊಂದಿತು.

೧೯೭೬ರಲ್ಲಿ ಸ್ವಾಯತ್ತತೆ ಪಡೆದಿದ್ದ ಪ್ರಾದೇಶಿಕ ಸರಕಾರವು ೧೯೯೯ರಲ್ಲಿ ವೀಕ್ಷಣೆಗೇ ಸಂಬಂಧಿಸಿದ ಶಾಸನವನ್ನು ಮಾಡಿತು. ದೋಣಿಗಳಿಗೆ ಪರವಾನಗಿ ಬೇಕು. ಪ್ರಾಣಿಗೆ ೫೦ ಮೀಟರಿಗಿಂತ ಸಮೀಪ ಹೋಗಕೂಡದು. ಮರಿಯಿದ್ದರೆ ಇನ್ನೂ ದೂರವಿರಬೇಕು. ಹಿಂದಿನಿಂದ ಮೆಲ್ಲನೆ ಸಾಗಬೇಕು. ದಾರಿಗೆ ಅಡ್ಡ ಹಾಯಕೂಡದು. ಬೇಟೆಗಾರನೂ ಹಿಂದಿನಿಂದ ಸದ್ದಿಲ್ಲದೆಯೇ ಹೋಗುತ್ತಿದ್ದನೆಂಬುದನ್ನು ಇಲ್ಲಿ ನೆನೆಯಬಹುದು. ಪ್ರಾಣಿಯನ್ನು ಬೆದರಿಸದೆ ಸಮೀಪಿಸುವ ಉಪಾಯ ಎರಡೂ ಕಸುಬುಗಳಿಗೆ ಒಂದೇ. ಸಮೀಪಿಸಿದ ಮೇಲೆ ಮಾಡುವ ಕೆಲಸ ಬೇರೆ. ಇಂತಹ ಶಾಸನ ಬೇಕಾಯಿತೆಂಬುದೇ ವೀಕ್ಷಣೆಯೂ ನಿರಪಾಯಕರವಲ್ಲವೆಂಬುದನ್ನು ಸೂಚಿಸುತ್ತದೆ. ಉಸಿರಾಡಲು ಮೇಲೆ ಬಂದ ಪ್ರಾಣಿಯನ್ನು ಹಲವು ದೋಣಿಗಳು ಮುತ್ತಿಕೊಂಡರೆ ಅದರ ವಿಶ್ರಾಂತಿಗೂ ಆಹಾರಾನ್ವೇಷಣೆಗೂ ಭಂಗ ಬರುತ್ತದೆ.

೭

ಇಷ್ಟು ವಿಷಯಗಳಿಂದ ನಾವು ಯಾವ ಸಿದ್ಧಾಂತಕ್ಕೆ ಬರಬಹುದು? ಬೇಟೆಯೂ ವೀಕ್ಷಣೆಯೂ ಪರಸ್ಪರ ವಿರುದ್ಧವಾದ ಎರಡು ಯುಗಗಳೆಂದು ಹೇಳುವವರುಂಟು. ಎರಡೂ ಪ್ರಾಣಿಯನ್ನು ಹಣಕ್ಕೆ ಮಾರುವುದೇ ಆದುದರಿಂದ ವ್ಯತ್ಯಾಸವೇ ಇಲ್ಲವೆಂದು ಹೇಳುವವರೂ ಉಂಟು. ಎರಡು ಅಭಿಪ್ರಾಯಗಳೂ ಅತಿರೇಕದ್ದೆಂದು ನಮ್ಮ ಮತ. ಕೊಂದ ತಿಮಿಂಗಿಲ ಒಮ್ಮೆ ಮಾತ್ರ ಬೆಲೆ ತರುವುದು. ಬದುಕಿರುವ ತಿಮಿಂಗಿಲವನ್ನು ಇಂದು ತೋರಿಸಿದವನು ನಾಳೆಯೂ ತೋರಿಸಬಲ್ಲನು. ಬೇಟೆಯಲ್ಲಿ ಕಾವಲುಗಾರನ ಯಶಸ್ಸು ಅವನ ಕಸುಬಿನ ಮೂಲವನ್ನೇ ಒಂದಿಷ್ಟು ಕಡಮೆ ಮಾಡುತ್ತಿದ್ದಿತು, ವೀಕ್ಷಣೆಯಲ್ಲಿ ಹಾಗಿಲ್ಲ. ಇದು ಅಲ್ಪ ವ್ಯತ್ಯಾಸವಲ್ಲ. ಆದರೆ ಈ ಹೊಸ ಕಸುಬು ಶೂನ್ಯದಿಂದ ಹುಟ್ಟಲಿಲ್ಲ. ಅದರ ಬಂಡವಾಳಗಳಲ್ಲಿ ಮುಖ್ಯವಾದುದು ಹಳೆಯ ಕಣ್ಣು. ಕೊಂದವರ ಜ್ಞಾನವಿಲ್ಲದಿದ್ದರೆ ನೋಡಬಂದವರಿಗೆ ಬರಿಯ ನೀರಷ್ಟೇ ಕಾಣುತ್ತಿದ್ದಿತು.

ಆ ಜ್ಞಾನಕ್ಕೆ ಚರಿತ್ರೆಯಲ್ಲಿ ಎಂತಹ ಸ್ಥಾನ ದೊರೆತಿದೆ? ೧೯೮೮ರಲ್ಲಿ ಲಾಜೆಸ್ ಊರಿನ ಹಳೆಯ ದೋಣಿಮನೆಗಳಲ್ಲಿ ಬೇಟೆಗಾರರ ವಸ್ತುಸಂಗ್ರಹಾಲಯ ತೆರೆಯಿತು. ಸಾವ್ ರೋಕ್ ಕಾರ್ಖಾನೆಯೂ ಅನಂತರ ಸಂಗ್ರಹಾಲಯವಾಯಿತು. ಹಾರ್ಪೂನು, ಭರ್ಜಿ, ಎಣ್ಣೆ ಕುದಿಸುವ ಪಾತ್ರೆ, ತಿಮಿಂಗಿಲದ ಹಲ್ಲಿನ ಮೇಲಿನ ಚಿತ್ತಾರ ಇವೆಲ್ಲ ಅಲ್ಲಿ ರಕ್ಷಿತವಾಗಿವೆ. ಜೀರ್ಣೋದ್ಧಾರಗೊಂಡ ಹಳೆಯ ದೋಣಿಗಳು ಈಗ ಹಾಯಿಯ ಪಂದ್ಯಗಳಲ್ಲಿ ಓಡುತ್ತವೆ. ಅಮೆರಿಕದ ಹಡಗುಗಳ ದಿನಚರಿ ಪುಸ್ತಕಗಳು ಗ್ರಂಥಾಲಯಗಳಲ್ಲಿವೆ. ಆದರೆ ನೊರೆಯಿಂದ ಉಸಿರನ್ನು ಬೇರ್ಪಡಿಸಿದ ಆ ದೃಷ್ಟಿಯನ್ನು ಯಾವ ಗಾಜಿನ ಪೆಟ್ಟಿಗೆಯಲ್ಲಿಡುವುದು? ವಸ್ತು ಉಳಿಯು‍ತ್ತದೆ; ಕಸುಬು ಕಸುಬುದಾರನೊಡನೆ ಹೋಗುತ್ತದೆ. ೧೯೮೭ರಲ್ಲಿ ಇಪ್ಪತ್ತು ವರ್ಷದವನಾಗಿದ್ದವನೂ ಇಂದು ವೃದ್ಧಾಪ್ಯದ ಹೊಸ್ತಿಲಲ್ಲಿದ್ದಾನೆ. ಬೇಟೆಯ ಉಚ್ಛ್ರಾಯವನ್ನು ಕಂಡವರಲ್ಲಿ ಬಹುಮಂದಿ ಗತಿಸಿದ್ದಾರೆ. ಅವರ ಬಾಯಿಂದ ಕೇಳಿ ಬರೆದುಕೊಳ್ಳುವುದಕ್ಕೆ ಉಳಿದಿರುವ ಕಾಲ ಅಲ್ಪ.

ಇದು ನಮ್ಮ ನಾಡಿನ ವಿದ್ಯಾರ್ಥಿಗಳೂ ಯೋಚಿಸಬೇಕಾದ ವಿಷಯ. ನಮ್ಮ ಕರಾವಳಿಯಲ್ಲಿ ಅಜೋರ್ಸಿನಂತಹ ತಿಮಿಂಗಿಲದ ಬೇಟೆಯ ಉದ್ಯಮ ಬೆಳೆಯಲಿಲ್ಲ. ಆದುದರಿಂದ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಉಚಿತವಲ್ಲ. ಆದರೂ ಕಾರವಾರದ ಕಡಲಿನಲ್ಲಿ ಇಂದು ಪ್ರವಾಸಿಗರು ಡಾಲ್ಫಿನ್ ನೋಡಲು ದೋಣಿಯೇರುವಾಗ, ಅವು ಎಲ್ಲಿವೆಯೆಂಬುದನ್ನು ತಿಳಿದಿರುವವರು ಕಡಲನ್ನೇ ನಂಬಿ ಬದುಕಿದ ಜನ. ಗಾಳಿ, ಸೆಳೆತ, ಮೀನಿನ ಸುಳಿವು, ಹಕ್ಕಿಗಳ ಹಾರಾಟ ಇವುಗಳನ್ನು ಕುರಿತು ಅವರಲ್ಲಿರುವ ತಿಳಿವಳಿಕೆ ತಾಮ್ರಪಟದಲ್ಲಿಲ್ಲ, ಶಿಲೆಯಲ್ಲಿಲ್ಲ. ಶಾಸನವನ್ನು ಓದುವ ಶ್ರದ್ಧೆಯಿಂದಲೇ ಅದನ್ನೂ ಕೇಳಿ ಬರೆದಿಡಬೇಕು. ಬರೆದಿಡುವಾಗ ಬೇಟೆಗಾರನನ್ನು ಪಾಪಿಯೆಂದಾಗಲಿ ಸಂತನೆಂದಾಗಲಿ ಮೊದಲೇ ನಿಶ್ಚಯಿಸಿಕೊಳ್ಳದೆ, ಅವನು ಕಂಡುದನ್ನು ಅವನು ಕಂಡಂತೆಯೇ ದಾಖಲಿಸುವುದು ಇತಿಹಾಸಕಾರನ ಧರ್ಮವಾಗಿದೆ.